ಫುಲ್ ಸಸ್ಪೆನ್ಷನ್ ಸೈಕಲ್: ಯಾವುದು ಮೊದಲು, ಯಾವುದು ಆಮೇಲೆ

“ಹೊಸ ಶಾಕ್ ಹಾಕಿಸಿದೆ. ಆದ್ರೂ ಇಳಿಜಾರಿನಲ್ಲಿ ಸೈಕಲ್ ಕತ್ತೆ ಥರ ಒದೆಯುತ್ತೆ. ಇನ್ನೂ ದುಬಾರಿದು ತಗೋಬೇಕಾ?”

ಫುಲ್ ಸಸ್ಪೆನ್ಷನ್ ಸೈಕಲ್ ಅಂದರೆ ಮುಂದೆ ಫೋರ್ಕು, ಹಿಂದೆ ಶಾಕ್, ಹೀಗೆ ಎರಡೂ ಕಡೆ ಏಟು ಹೀರುವ ವ್ಯವಸ್ಥೆ ಇರುವ ಸೈಕಲ್. ಅದನ್ನಿಟ್ಟುಕೊಂಡು ಹೀಗೆ ಕೇಳುವವರಿಗೆ ನಾನು ತಿರುಗಿ ಮೂರು ಪ್ರಶ್ನೆ ಹಾಕುತ್ತೇನೆ. ಸ್ಯಾಗ್ (ಕೂತಾಗ ಸಸ್ಪೆನ್ಷನ್ ಕುಸಿಯುವ ಅಳತೆ) ಎಷ್ಟಿದೆ? ಟೈರಿನಲ್ಲಿ ಗಾಳಿ ಎಷ್ಟಿದೆ? ರಿಬೌಂಡ್ (ಕುಗ್ಗಿದ ಶಾಕ್ ಹಿಗ್ಗುವ ವೇಗ) ಎಷ್ಟನೇ ಕ್ಲಿಕ್‌ನಲ್ಲಿದೆ? ಹೆಚ್ಚಿನ ಸಲ ಮೂರಕ್ಕೂ ಒಂದೇ ಉತ್ತರ: “ನೋಡಿಲ್ಲ.”

ಯಾವ ಪಾರ್ಟ್ ಒಳ್ಳೆಯದು ಅನ್ನುವುದರಲ್ಲಿ ಜನ ಅಷ್ಟಾಗಿ ಎಡವುವುದಿಲ್ಲ. ಎಡವುವುದು ಕೆಲಸದ ವರಸೆಯಲ್ಲಿ. ಬೇರಿಂಗ್ ಸಡಿಲ ಇರುವ ಸೈಕಲ್‌ಗೆ ಸ್ಯಾಗ್ ಹೊಂದಿಸುತ್ತಾರೆ. ಸ್ಯಾಗ್ ನೋಡದೆ ರಿಬೌಂಡ್ ತಿರುಗಿಸುತ್ತಾರೆ. ರಿಬೌಂಡ್ ಕೈಗೆ ಹತ್ತದೆ ಹೊಸ ಶಾಕ್ ಕೊಳ್ಳುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಮುಂದಿನದರ ಲೆಕ್ಕ ತಪ್ಪುತ್ತದೆ.

ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಶಾಕ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಟೈರಿಗೆ ಗಾಳಿ ಹೊಡೆಯುವ ಪಂಪು ಇಲ್ಲಿ ನಡೆಯುವುದಿಲ್ಲ. ಶಾಕಿನೊಳಗೆ ಜಾಗ ಕಡಿಮೆ, ಒತ್ತಡ 200 ಪಿಎಸ್‌ಐ ದಾಟುವುದೂ ಉಂಟು. ಚೂರು ಚೂರೇ ಸೇರಿಸಲು, ಚೂರು ಚೂರೇ ಬಿಡಲು ಆಗುವ ಪಂಪೇ ಬೇಕು.

ಉಳಿದವು ಹೀಗಿವೆ: 2ರಿಂದ 8 ಮಿ.ಮೀ. ವರೆಗಿನ ಅಲೆನ್ ಕೀಗಳು, ಟಿ25 ಟಾರ್ಕ್ಸ್ ಕೀ, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನಾ), ಟೈರ್ ಗಾಳಿ ಅಳೆಯುವ ಗೇಜ್, ಮಿ.ಮೀ. ಗುರುತಿನ ಸ್ಕೇಲು, ಚೈನ್ ಸವೆತ ನೋಡುವ ಗೇಜ್, ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟು), ಗ್ರೀಸ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದಷ್ಟು ಹತ್ತಿ ಬಟ್ಟೆ. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್. ನೋಟ್‌ಬುಕ್ ಅಂದಾಗ ಜನ ನಗುತ್ತಾರೆ. ಮೂರು ವಾರ ಬಿಟ್ಟು “ಅವತ್ತು ಎಷ್ಟು ಚೆನ್ನಾಗಿತ್ತು, ಎಷ್ಟು ಕ್ಲಿಕ್ ಇಟ್ಟಿದ್ದೆ?” ಅಂತ ತಲೆ ಕೆರೆದುಕೊಳ್ಳುವಾಗ ಯಾರೂ ನಗುವುದಿಲ್ಲ.

ಒಂದು ಪರೀಕ್ಷೆಯ ಹಾದಿಯನ್ನೂ ಗೊತ್ತು ಮಾಡಿಕೊಳ್ಳಿ. ಎರಡು-ಮೂರು ನಿಮಿಷದ್ದು ಸಾಕು. ಅದರಲ್ಲಿ ಒಂದು ಏರು, ಒಂದೆರಡು ತಿರುವು, ಕಲ್ಲೋ ಮರದ ಬೇರೋ ಎದ್ದಿರುವ ಒಂದು ಜಾಗ ಇರಲಿ. ಪ್ರತಿ ಬದಲಾವಣೆ ಆದಮೇಲೆ ಅದೇ ಹಾದಿ, ಹೆಚ್ಚುಕಮ್ಮಿ ಅದೇ ವೇಗ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅನ್ನುವುದು ದೇವರಿಗೇ ಗೊತ್ತು.

ಹಂತ 1: ಅಲುಗಾಟ ಹುಡುಕಿ

ಸೈಕಲ್ ತೊಳೆದು ಒಣಗಿಸಿ. ಕೊಳೆ ಇದ್ದರೆ ಬಿರುಕು ಕಾಣುವುದಿಲ್ಲ.

ಈಗ ಸೀಟಿನ ಹಿಂಭಾಗ ಹಿಡಿದು ಸೈಕಲನ್ನು ಮೆಲ್ಲಗೆ ಮೇಲೆತ್ತಿ, ಬಿಡಿ. ಹಿಂದಿನ ಚಕ್ರ ನೆಲ ಬಿಡುವ ಮುಂಚೆ ಕೈಗೆ “ಟಕ್” ಅಂತ ಒಂದು ಸಣ್ಣ ಹೊಡೆತ ಸಿಕ್ಕಿದರೆ ಎಲ್ಲೋ ಸಡಿಲ ಇದೆ. ಇನ್ನೊಂದು ಕೈಯ ಬೆರಳನ್ನು ಶಾಕ್ ಬೋಲ್ಟಿನ ಸಂದಿಯ ಮೇಲಿಟ್ಟು ಮತ್ತೆ ಎತ್ತಿ. ಅಲ್ಲಿ ಗೊತ್ತಾಗದಿದ್ದರೆ ಮುಂದಿನ ಕೀಲು, ಆಮೇಲೆ ಅದರ ಮುಂದಿನದು. ಕಣ್ಣಿಗಿಂತ ಬೆರಳೇ ಚುರುಕು. ಹೆಚ್ಚಾಗಿ ಸಿಗುವ ಕಳ್ಳ ಶಾಕಿನ ಎರಡು ತುದಿಯ ಬುಶ್ (ಬೋಲ್ಟಿನ ಸುತ್ತ ಕೂರುವ ಸಣ್ಣ ಬಳೆ). ಅದು ಸಣ್ಣ ಪಾರ್ಟು, ಬೇಗ ಸವೆಯುತ್ತದೆ, ಸುಲಭವಾಗಿ ಬದಲಿಸಬಹುದು.

ಹಿಂದಿನ ಚಕ್ರವನ್ನು ಅಕ್ಕಪಕ್ಕಕ್ಕೂ ಅಲುಗಿಸಿ. ಇಲ್ಲಿ ಅಲುಗಾಟ ಇದ್ದರೆ ಚಕ್ರದ ನಡುವಿನ ಹಬ್ ಅಥವಾ ಫ್ರೇಮಿನ ಮುಖ್ಯ ಕೀಲು. ಅನುಮಾನ ಬಂದರೆ ಶಾಕ್ ಬಿಚ್ಚಿ, ಚಕ್ರ ತೆಗೆದು, ಹಿಂದಿನ ಫ್ರೇಮನ್ನು ಕೈಯಲ್ಲೇ ಮೇಲೆ-ಕೆಳಗೆ ಆಡಿಸಿ ನೋಡಿ. ಎಣ್ಣೆ ಹಾಕಿದ ಬಾಗಿಲಿನಂತೆ ಸರಾಗವಾಗಿ ಆಡಬೇಕು. ಮರಳು ಸಿಕ್ಕಿದಂತೆ ಕರಕರ ಅಂದರೆ ಬೇರಿಂಗ್ ಬದಲಿಸುವ ಹೊತ್ತು ಬಂದಿದೆ.

ಕೀಲಿನ ಬೋಲ್ಟುಗಳನ್ನು ಫ್ರೇಮ್ ತಯಾರಕರು ಹೇಳಿದ ಟಾರ್ಕಿಗೇ ಬಿಗಿ ಮಾಡಿ. ಎಷ್ಟೋ ಬೋಲ್ಟಿನ ತಲೆ ಮೇಲೇ ಅದನ್ನು ಬರೆದಿರುತ್ತಾರೆ. ಕೈ ಅಂದಾಜಿನಲ್ಲಿ “ಇನ್ನೊಂಚೂರು” ಅಂತ ತಿರುಗಿಸುವುದೇ ಇಲ್ಲಿನ ದೊಡ್ಡ ತಪ್ಪು. ಜಾಸ್ತಿ ಬಿಗಿದರೆ ಬೇರಿಂಗ್ ಹಿಂಡಿಹೋಗುತ್ತದೆ, ಸಸ್ಪೆನ್ಷನ್ ಜಡವಾಗುತ್ತದೆ. ಆಮೇಲೆ ಪಾಪ, ಶಾಕಿಗೆ ಬೈಗುಳ.

ಮುಂದೆ, ಫ್ರಂಟ್ ಬ್ರೇಕ್ ಹಿಡಿದು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹತ್ತಿರ ಬೆರಳಿಟ್ಟು ಸೈಕಲನ್ನು ಹಿಂದೆ-ಮುಂದೆ ಅಲುಗಿಸಿ. ಅಲುಗಾಟ ಇದ್ದರೆ ಕ್ರಮ ಹೀಗೆ: ಮೊದಲು ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು) ಬದಿಯ ಬೋಲ್ಟು ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟನ್ನು ಅಲುಗಾಟ ಹೋಗುವಷ್ಟು ಮಾತ್ರ ತಿರುಗಿಸಿ, ಹ್ಯಾಂಡಲ್ ನೇರ ಮಾಡಿ, ಕೊನೆಗೆ ಬದಿಯ ಬೋಲ್ಟು ಬಿಗಿ ಮಾಡಿ. ಬದಿಯದನ್ನು ಸಡಿಲಿಸದೆ ಮೇಲಿನದನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಆ ಬೋಲ್ಟ್ ಕೆಟ್ಟುಹೋಗುತ್ತದೆ ಅಷ್ಟೇ.

ಹಂತ 2: ಸ್ಯಾಗ್ ಅಳೆಯಿರಿ

ನೀವು ಸೈಕಲ್ ಮೇಲೆ ಕೂತಾಗ ನಿಮ್ಮ ತೂಕಕ್ಕೇ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತದೆ. ಅದೇ ಸ್ಯಾಗ್. ಇದು ಇರಲೇಬೇಕು. ಚಕ್ರ ಗುಂಡಿಗೆ ಇಳಿಯುವಾಗ ಕೆಳಕ್ಕೆ ಚಾಚಲು ಜಾಗ ಬೇಕಲ್ವಾ? ಟ್ರೇಲ್ ಸೈಕಲ್‌ಗಳಲ್ಲಿ ಹಿಂದೆ ಟ್ರಾವೆಲ್ಲಿನ, ಅಂದರೆ ಸಸ್ಪೆನ್ಷನ್ ಒಟ್ಟು ಕುಗ್ಗಬಲ್ಲ ದೂರದ, ಶೇ 25–30, ಮುಂದೆ ಶೇ 15–20 ಇಟ್ಟುಕೊಂಡು ಶುರು ಮಾಡಬಹುದು.

ಹೆಲ್ಮೆಟ್, ಶೂ, ನೀರು ತುಂಬಿದ ಬ್ಯಾಗು, ಎಲ್ಲ ಹಾಕಿಕೊಳ್ಳಿ. ಮನೆ ಬಟ್ಟೆಯಲ್ಲಿ ಅಳೆದು, ಮೂರು ಲೀಟರ್ ನೀರು ಹೊತ್ತು ಓಡಿಸಿದರೆ ಲೆಕ್ಕ ಕೆಟ್ಟಿತು. ಏರಿನಲ್ಲಿ ಶಾಕನ್ನು ಗಟ್ಟಿ ಮಾಡುವ ಲಾಕ್ ಲಿವರ್ ಪೂರ್ತಿ ಓಪನ್ ಇರಲಿ.

ಮೊದಲ ಅಂದಾಜಿಗೆ ಒಂದು ಹಳೆಯ ಲೆಕ್ಕ ಇದೆ: ನಿಮ್ಮ ತೂಕ ಪೌಂಡಿನಲ್ಲಿ ಎಷ್ಟೋ, ಹಿಂದಿನ ಏರ್ ಶಾಕಿಗೆ ಅಷ್ಟು ಪಿಎಸ್‌ಐ. ಕೆಜಿಯನ್ನು 2.2ರಿಂದ ಗುಣಿಸಿ. 70 ಕೆಜಿಗೆ 154. ಇದು ಶುರು ಮಾಡಲು ಮಾತ್ರ, ಫ್ರೇಮಿನಿಂದ ಫ್ರೇಮಿಗೆ ಬಹಳ ವ್ಯತ್ಯಾಸ ಬರುತ್ತದೆ. ಶಾಕಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮಾತ್ರ ದಾಟಬೇಡಿ. ಫೋರ್ಕಿನ ಒತ್ತಡ ಇದಕ್ಕಿಂತ ಎಷ್ಟೋ ಕಡಿಮೆ. ಎಷ್ಟು ತೂಕಕ್ಕೆ ಎಷ್ಟು ಅನ್ನುವ ಪಟ್ಟಿ ಹಲವು ಫೋರ್ಕುಗಳ ಕಾಲಿನ ಮೇಲೇ ಅಂಟಿಸಿರುತ್ತದೆ.

ಗಾಳಿಯನ್ನು ಒಂದೇ ಉಸಿರಿಗೆ ತುಂಬಬೇಡಿ. 50 ಪಿಎಸ್‌ಐ ಏರಿಸಿದಾಗಲೆಲ್ಲ ಐದಾರು ಸಲ ನಿಧಾನವಾಗಿ ಶಾಕನ್ನು ಒತ್ತಿ ಬಿಡಿ. ಶಾಕಿನೊಳಗೆ ಎರಡು ಕೋಣೆ ಇವೆ. ಹೀಗೆ ಒತ್ತಿದಾಗಲೇ ಗಾಳಿ ಎರಡಕ್ಕೂ ಸಮನಾಗಿ ಹಂಚಿಕೆಯಾಗುವುದು. ಈ ಕೆಲಸ ಬಿಟ್ಟರೆ ಮೊದಲ ಸವಾರಿಯ ಹತ್ತು ನಿಮಿಷದಲ್ಲೇ ಸ್ಯಾಗ್ ಬದಲಾಗಿರುತ್ತದೆ.

ಈಗ ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು ಒಂದೆರಡು ಸಲ ಕುಪ್ಪಳಿಸಿ. ಸೀಲಿನ ಬಿಗಿ ಬಿಡಲಿ ಅಂತ. ಆಮೇಲೆ ಅಲುಗಾಡದೆ ಕೂತು, ಶಾಕಿನ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವಂತೆ ಸರಿಸಿ. ಮೆಲ್ಲಗೆ ಇಳಿಯಿರಿ. ಇಳಿಯುವಾಗ ಕುಪ್ಪಳಿಸಿದರೆ ಮತ್ತೆ ಮೊದಲಿಂದ. ಸೀಲಿನಿಂದ ಉಂಗುರದವರೆಗೆ ಅಳೆಯಿರಿ. ಶಾಕಿನ ಸ್ಟ್ರೋಕ್ (ಅದು ಕುಗ್ಗಬಲ್ಲ ಉದ್ದ) 55 ಮಿ.ಮೀ. ಇದ್ದರೆ ಶೇ 30 ಅಂದರೆ 16.5 ಮಿ.ಮೀ. ಫೋರ್ಕನ್ನು ಪೆಡಲ್ ಮೇಲೆ ನಿಂತು ಅಳೆಯಿರಿ. 150 ಮಿ.ಮೀ. ಫೋರ್ಕಿಗೆ ಶೇ 20 ಅಂದರೆ 30 ಮಿ.ಮೀ.

ಇಲ್ಲಿ ಜನ ಬೀಳುವ ಒಂದು ಗುಂಡಿ ಇದೆ. ಪಂಪ್ ಕಳಚುವಾಗ “ಪುಸ್” ಅನ್ನುತ್ತದೆ. ಅದು ಪಂಪಿನ ಟ್ಯೂಬಿನ ಗಾಳಿ, ಶಾಕಿನದಲ್ಲ. ಗಾಳಿ ಹೋಯಿತೆಂದು ಮತ್ತೆ ಪಂಪ್ ಹಾಕಿದರೆ ಈ ಸಲ ನಿಜವಾಗಿಯೂ ಕಡಿಮೆ ತೋರಿಸುತ್ತದೆ, ಯಾಕೆಂದರೆ ಖಾಲಿ ಟ್ಯೂಬನ್ನು ತುಂಬಲು ಶಾಕಿನ ಗಾಳಿಯೇ ಹೊರಬಂದಿರುತ್ತದೆ. ಅದನ್ನು ನೋಡಿ “ಲೀಕ್ ಇದೆ” ಅಂತ ಸರ್ವಿಸಿಗೆ ಹೊತ್ತೊಯ್ದವರಿದ್ದಾರೆ.

ಹಂತ 3: ಟೈರು

ಟೈರೂ ಒಂದು ಸ್ಪ್ರಿಂಗೇ. ನೆಲಕ್ಕೆ ತಾಗುವ ಮೊದಲ ಸಸ್ಪೆನ್ಷನ್ ಅದು. ಅದರ ಗಾಳಿ ಸರಿಯಿಲ್ಲದೆ ಮುಂದಿನ ಹಂತದ ಕ್ಲಿಕ್ ಲೆಕ್ಕಕ್ಕೆ ಅರ್ಥವೇ ಇಲ್ಲ. ದುಡ್ಡು ಖರ್ಚು ಮಾಡುವ ಮೊದಲ ಜಾಗವೂ ಇದೇ ಅಂತ ನನ್ನ ಅಭಿಪ್ರಾಯ.

ಟ್ಯೂಬ್‌ಲೆಸ್ ಮಾಡಿಲ್ಲದಿದ್ದರೆ ಮಾಡಿ. ರಿಮ್ಮನ್ನು ಆಲ್ಕೋಹಾಲಿನಿಂದ ಒರೆಸಿ. ರಿಮ್ಮಿನ ಒಳಗಿನ ಅಗಲಕ್ಕಿಂತ ಒಂದೆರಡು ಮಿ.ಮೀ. ಜಾಸ್ತಿ ಅಗಲದ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ. ವಾಲ್ವ್ ಕೂರಿಸಿ, ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಹಾಕಿ. ವಾಲ್ವಿನ ತಿರುಳು ತೆಗೆದು ಗಾಳಿ ಹೊಡೆದರೆ ಗಾಳಿ ರಭಸವಾಗಿ ನುಗ್ಗುತ್ತದೆ, ಅಂಚು “ಟಪ್ ಟಪ್” ಅಂತ ರಿಮ್ಮಿಗೆ ಕೂರುತ್ತದೆ. ಕೂರುತ್ತಿಲ್ಲವೆಂದು ಗಾಳಿ ಏರಿಸುತ್ತಲೇ ಹೋಗಬೇಡಿ. ಟೈರು ಮತ್ತು ರಿಮ್ ಎರಡರಲ್ಲೂ ಗರಿಷ್ಠ ಒತ್ತಡ ಬರೆದಿರುತ್ತದೆ. ಎರಡರಲ್ಲಿ ಚಿಕ್ಕ ಸಂಖ್ಯೆಯೇ ನಿಮ್ಮ ಮಿತಿ.

ಅಂಚು ಕೂತ ಮೇಲೆ ಗಾಳಿ ಬಿಟ್ಟು ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. 29 ಇಂಚು, 2.4 ಅಗಲದ ಟೈರಿಗೆ ಸುಮಾರು 100 ಮಿ.ಲೀ. ಬೇಕು. ಸೀಲೆಂಟ್ ಒಳಗೇ ಒಣಗುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಚಕ್ರ ಅಲ್ಲಾಡಿಸಿ, ಗುಳುಗುಳು ಸದ್ದು ಬರುತ್ತಿದೆಯೇ ಕೇಳಿ. ಬರದಿದ್ದರೆ ಖಾಲಿ.

75 ಕೆಜಿ ಆಸುಪಾಸಿನವರು ಇಂಥ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಇಟ್ಟು ಶುರು ಮಾಡಿ. ಅಲ್ಲಿಂದ ಒಂದೊಂದೇ ಪಿಎಸ್‌ಐ ಬದಲಿಸಿ. ಕಲ್ಲಿಗೆ ರಿಮ್ “ಟಣ್” ಅಂತ ಬಡಿದರೆ, ತಿರುವಿನಲ್ಲಿ ಟೈರು ಪಕ್ಕಕ್ಕೆ ಮಡಚಿಕೊಂಡಂತೆ ಅನಿಸಿದರೆ, ಗಾಳಿ ಕಡಿಮೆ. ಚಿಕ್ಕ ಕಲ್ಲಿಗೂ ಕೈ ನಡುಗಿದರೆ, ಒದ್ದೆ ಬೇರಿನ ಮೇಲೆ ಜಾರಿದರೆ, ಗಾಳಿ ಜಾಸ್ತಿ. ಹೆಬ್ಬೆರಳಲ್ಲಿ ಒತ್ತಿ ನೋಡುವುದು ಅಳತೆಯಲ್ಲ. 2 ಪಿಎಸ್‌ಐ ವ್ಯತ್ಯಾಸ ಬೆರಳಿಗೆ ತಿಳಿಯದು, ಹಾದಿಯಲ್ಲಿ ಚೆನ್ನಾಗಿಯೇ ತಿಳಿಯುತ್ತದೆ.

ಹೊಸ ಟೈರು ಒಂದೇ ಕೊಳ್ಳುವುದಾದರೆ ಅದು ಮುಂದಕ್ಕೆ. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸಂಭಾಳಿಸಬಹುದು. ಮುಂದಿನದು ಜಾರಿದರೆ ಯೋಚಿಸುವ ಮುಂಚೆಯೇ ನೆಲ ಬಂದಿರುತ್ತದೆ.

ಹಂತ 4: ರಿಬೌಂಡ್, ಆಮೇಲೆ ಕಂಪ್ರೆಷನ್

ಹೆಚ್ಚಿನ ಶಾಕುಗಳಲ್ಲಿ ಕೆಂಪು ನಾಬ್ ರಿಬೌಂಡ್, ನೀಲಿ ಕಂಪ್ರೆಷನ್. ಕುಗ್ಗಿದ ಶಾಕ್ ಎಷ್ಟು ಬೇಗ ಹಿಗ್ಗಬೇಕು ಅನ್ನುವುದು ರಿಬೌಂಡ್. ಎಷ್ಟು ಸುಲಭವಾಗಿ ಕುಗ್ಗಬೇಕು ಅನ್ನುವುದು ಕಂಪ್ರೆಷನ್.

ಕೆಂಪು ನಾಬನ್ನು ಬಲಕ್ಕೆ ಪೂರ್ತಿ ತಿರುಗಿಸಿ, ನಿಂತ ಕಡೆ ಬಿಡಿ. ಅದು ಸೊನ್ನೆ. ಅಲ್ಲಿಂದ ಎಡಕ್ಕೆ ಒಟ್ಟು ಎಷ್ಟು ಕ್ಲಿಕ್ ಇವೆ ಎಣಿಸಿ, ನಡುವಿನಲ್ಲಿ ನಿಲ್ಲಿಸಿ, ಬರೆದುಕೊಳ್ಳಿ. ಭಾರ ಜಾಸ್ತಿ ಇರುವವರ ಶಾಕಿನಲ್ಲಿ ಗಾಳಿ ಜಾಸ್ತಿ, ಆದ್ದರಿಂದ ಅದು ಜೋರಾಗಿ ಹಿಗ್ಗುತ್ತದೆ. ಅವರಿಗೆ ರಿಬೌಂಡ್ ತುಸು ನಿಧಾನ ಬೇಕು.

ಮೊದಲ ಪರೀಕ್ಷೆ ಒಂದು ಗೇಣು ಎತ್ತರದ ಮೆಟ್ಟಿಲಲ್ಲಿ. ಸೀಟಿನ ಮೇಲೆ ಕೂತೇ ಇಳಿಯಿರಿ. ಹಿಂಭಾಗ ಕುಸಿದು, ಎದ್ದು, ಒಮ್ಮೆ ಮಾತ್ರ ತುಸು ಮೇಲಾಡಿ ನಿಲ್ಲಬೇಕು. ಎರಡು-ಮೂರು ಸಲ ತೂಗಿದರೆ ವೇಗ ಜಾಸ್ತಿ. ಕುಸಿದದ್ದು ಮೆತ್ತಗೆ, ಸೋಮಾರಿಯಂತೆ ಮೇಲೆ ಬಂದರೆ ನಿಧಾನ ಜಾಸ್ತಿ.

ಎರಡನೆಯದು ನಿಮ್ಮ ಪರೀಕ್ಷೆಯ ಹಾದಿಯಲ್ಲಿ. ಸಾಲಾಗಿ ಕಲ್ಲು ಬಂದಾಗ ಮೊದಲ ಕಲ್ಲು ಮೆತ್ತಗೆ, ನಾಲ್ಕನೆಯದು ಕಟುವಾಗಿ ಬಡಿಯುತ್ತದೆಯೇ? ಶಾಕ್ ಒಂದು ಏಟಿನಿಂದ ಎದ್ದೇಳುವ ಮುಂಚೆ ಇನ್ನೊಂದು ಏಟು ಬೀಳುತ್ತಿದೆ. ರಿಬೌಂಡನ್ನು ಒಂದು ಕ್ಲಿಕ್ ಎಡಕ್ಕೆ ಸಡಿಲಿಸಿ. ಬದಲಿಗೆ ಸಣ್ಣ ದಿಣ್ಣೆ ದಾಟುವಾಗ ಸೀಟು ಬಂದು ತಳ್ಳಿದಂತೆ, ಮುಂದಕ್ಕೆ ಎಸೆದಂತೆ ಅನಿಸುತ್ತದೆಯೇ? ಒಂದು ಕ್ಲಿಕ್ ಬಲಕ್ಕೆ ಬಿಗಿ ಮಾಡಿ. ಮೊದಲು ಹೇಳಿದ ಕತ್ತೆಯ ಒದೆತ ಹೆಚ್ಚಾಗಿ ಇಲ್ಲೇ ನಿಲ್ಲುತ್ತದೆ.

ಕಂಪ್ರೆಷನ್ ಪೂರ್ತಿ ಓಪನ್ ಇಟ್ಟು ಶುರು ಮಾಡಿ. ಬ್ರೇಕ್ ಹಿಡಿದಾಗ ಮುಂಭಾಗ ಮುಗ್ಗರಿಸಿದಂತಾದರೆ ಒಂದೆರಡು ಕ್ಲಿಕ್ ಸೇರಿಸಿ. ದೊಡ್ಡ ಹೊಡೆತಕ್ಕೆ ಶಾಕ್ ತಳ ತಾಗುತ್ತದೆಯೆಂದು ಇದನ್ನು ಬಿಗಿಯಬೇಡಿ. ಅದಕ್ಕೆ ಮದ್ದು ಬೇರೆ: ಗಾಳಿಕೋಣೆಯೊಳಗೆ ಹಾಕುವ ಪ್ಲಾಸ್ಟಿಕ್ ಸ್ಪೇಸರ್. ಅದು ಕೋಣೆಯನ್ನು ಚಿಕ್ಕದು ಮಾಡುತ್ತದೆ, ಹಾಗಾಗಿ ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ, ಸ್ಯಾಗ್ ಹೆಚ್ಚೇನೂ ಬದಲಾಗುವುದಿಲ್ಲ. ಕೋಣೆ ತೆರೆಯುವ ಮುಂಚೆ ಗಾಳಿಯನ್ನು ಪೂರ್ತಿ ಬಿಡಲೇಬೇಕು. ಒತ್ತಡ ಇರುವಾಗ ಮುಚ್ಚಳ ಬಿಚ್ಚಿದರೆ ಅದು ಗುಂಡಿನಂತೆ ಹಾರುತ್ತದೆ.

ಸವಾರಿ ಮುಗಿದಾಗ ರಬ್ಬರ್ ಉಂಗುರ ಎಲ್ಲಿದೆ ನೋಡಿ. ಇಡೀ ದಿನದ ದೊಡ್ಡ ಹೊಡೆತಕ್ಕೆ ಒಂದೆರಡು ಸಲ ತುದಿ ಮುಟ್ಟಿದ್ದರೆ ಸರಿಯಾಗಿಯೇ ಇದೆ. ಯಾವತ್ತೂ ಮುಟ್ಟದಿದ್ದರೆ ಕೊಟ್ಟ ಟ್ರಾವೆಲ್ ಸುಮ್ನೆ ಹೊತ್ತು ತಿರುಗುತ್ತಿದ್ದೀರಿ.

ಒಂದು ತಪ್ಪೊಪ್ಪಿಗೆ. ಒಂದು ಮಧ್ಯಾಹ್ನವಿಡೀ ನಾನು ರಿಬೌಂಡ್ ತಿರುಗಿಸುತ್ತ, ಬರೆಯುತ್ತ, ಬೈಯುತ್ತ ಕಳೆದೆ. ಏನು ಮಾಡಿದರೂ ಹಿಂಭಾಗ ಮರದ ಹಲಗೆ. ಕೊನೆಗೆ ನೀರು ಕುಡಿಯಲು ಬಾಗಿದಾಗ ಕಂಡಿತು: ಏರಿನಲ್ಲಿ ಹಾಕಿದ ಲಾಕ್ ಲಿವರ್ ಹಾಗೇ ಇತ್ತು. ಅವತ್ತಿನ ಎರಡು ಪುಟದ ಮೇಲೆ ಅಡ್ಡಗೆರೆ ಎಳೆದೆ. ಈಗ ಇಳಿಯುವ ಮುಂಚೆ ಲಿವರ್ ಮುಟ್ಟಿ ನೋಡುವುದು ಅಭ್ಯಾಸವೇ ಆಗಿದೆ.

ಹಂತ 5: ಬ್ರೇಕು

ಬ್ರೇಕು ಸಾಲುತ್ತಿಲ್ಲ ಅನಿಸಿದರೆ ಇಡೀ ಸೆಟ್ ಬದಲಿಸುವ ಮುಂಚೆ ಪ್ಯಾಡ್ ಮತ್ತು ಡಿಸ್ಕ್ ನೋಡಿ. ಮುಂದಿನ ಡಿಸ್ಕನ್ನು 180ರಿಂದ 200 ಅಥವಾ 203 ಮಿ.ಮೀ.ಗೆ ಏರಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಫೋರ್ಕಿಗೆ ಎಷ್ಟು ದೊಡ್ಡ ಡಿಸ್ಕ್ ಹಾಕಬಹುದು ಅನ್ನುವ ಮಿತಿ ಇದೆ, ಅದನ್ನು ನೋಡಿಯೇ ಕೊಳ್ಳಿ. 200 ಮತ್ತು 203 ಒಂದೇ ಅಲ್ಲ. ಅಡಾಪ್ಟರ್ ಅದಕ್ಕೆ ತಕ್ಕದ್ದೇ ಬೇಕು, ಇಲ್ಲದಿದ್ದರೆ ಪ್ಯಾಡು ಡಿಸ್ಕಿನ ಸರಿಯಾದ ಜಾಗಕ್ಕೆ ಕೂರುವುದಿಲ್ಲ.

ಹೊಸ ಪ್ಯಾಡೋ ಡಿಸ್ಕೋ ಹಾಕಿದ ದಿನವೇ ಬೆಟ್ಟ ಇಳಿಯಬೇಡಿ. ಅವೆರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಸಮತಟ್ಟು ಜಾಗದಲ್ಲಿ ಮಧ್ಯಮ ವೇಗ ಹಿಡಿದು, ನಡಿಗೆಯ ವೇಗಕ್ಕೆ ಬರುವವರೆಗೆ ಒಂದೇ ಸಮ ಬ್ರೇಕ್ ಒತ್ತಿ. ಚಕ್ರ ಪೂರ್ತಿ ನಿಲ್ಲಬಾರದು. ಹೀಗೆ ಇಪ್ಪತ್ತು ಸಲ, ಆಮೇಲೆ ಇನ್ನೂ ವೇಗದಲ್ಲಿ ಹತ್ತು ಸಲ. ಮೊದಲ ಒತ್ತಿಗೂ ಕೊನೆಯದಕ್ಕೂ ಇರುವ ಅಂತರ ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ತಮಾಷೆ ಬೇಡ. ಶಿಮಾನೊ ಬ್ರೇಕುಗಳಿಗೆ ಮಿನರಲ್ ಆಯಿಲ್. ಸ್ರಾಮ್ ಬ್ರೇಕುಗಳಲ್ಲಿ ಬಹಳ ಕಾಲ ಡಾಟ್ 5.1 ಎಂಬ ಬೇರೆ ದ್ರವ ಇತ್ತು, ಆದರೆ ಅವರದೇ ಡಿಬಿ8, ಮೇವನ್ ಮಾದರಿಗಳಿಗೆ ಮಿನರಲ್ ಆಯಿಲ್. ಹಾಗಾಗಿ ಕಂಪನಿ ಹೆಸರು ನೋಡಿ ತೀರ್ಮಾನಿಸಬೇಡಿ. ಲಿವರ್ ಮೇಲೆ ಬರೆದಿರುವುದನ್ನು ಓದಿ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ.

ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ ಬಟ್ಟೆ ಮುಚ್ಚಿ. ಒಂದು ಹನಿ ಎಣ್ಣೆ ಹಾರಿದರೂ ಬ್ರೇಕು ಹಂದಿಯಂತೆ ಕಿರುಚುತ್ತದೆ, ಹಿಡಿತ ಹೋಗುತ್ತದೆ. ಡಿಸ್ಕನ್ನು ಆಲ್ಕೋಹಾಲಿನಿಂದ ಒರೆಸಬಹುದು. ಎಣ್ಣೆ ಹೀರಿದ ಪ್ಯಾಡನ್ನು ಎಸೆಯುವುದೇ ವಾಸಿ.

ಹಂತ 6: ಹ್ಯಾಂಡಲ್, ಸೀಟು, ಡ್ರಾಪರ್

ಟೈರು ಬಿಟ್ಟರೆ ಇನ್ನೊಂದೇ ಒಂದು ಪಾರ್ಟಿಗೆ ಅವಕಾಶ ಅಂದರೆ ನಾನು ಡ್ರಾಪರ್ ಸೀಟ್‌ಪೋಸ್ಟನ್ನೇ ಆರಿಸುತ್ತೇನೆ. ಬಟನ್ ಒತ್ತಿದರೆ ಸೀಟು ಕೆಳಗೆ ಹೋಗುತ್ತದೆ, ದೇಹಕ್ಕೆ ಆಡಲು ಜಾಗ ಸಿಗುತ್ತದೆ. ಎಷ್ಟೋ ಜನ “ಸಸ್ಪೆನ್ಷನ್ ಸರಿಯಿಲ್ಲ” ಅನ್ನುವುದು ಸೀಟು ಎತ್ತರದಲ್ಲಿ ಇಟ್ಟುಕೊಂಡು ಇಳಿದಾಗಲೇ.

ಕೊಳ್ಳುವ ಮುಂಚೆ ಎರಡು ಅಳತೆ ತೆಗೆದುಕೊಳ್ಳಿ. ಮೊದಲನೆಯದು ಸೀಟ್ ಟ್ಯೂಬಿನ ಒಳವ್ಯಾಸ. 30.9, 31.6, 34.9 ಮಿ.ಮೀ. ಸಾಮಾನ್ಯ. 0.7 ಮಿ.ಮೀ. ತಾನೇ ಅಂತ ಒತ್ತಿ ತುರುಕಿದರೆ ಫ್ರೇಮ್ ಸೀಳುತ್ತದೆ. ಎರಡನೆಯದು ಟ್ಯೂಬಿನೊಳಗೆ ಪೋಸ್ಟ್ ಎಷ್ಟು ಆಳ ಇಳಿಯಬಲ್ಲದು ಅನ್ನುವುದು. ಫುಲ್ ಸಸ್ಪೆನ್ಷನ್ ಫ್ರೇಮುಗಳಲ್ಲಿ ಒಳಗೆ ಕೀಲಿನ ಬೋಲ್ಟೋ, ಟ್ಯೂಬಿನ ಬಾಗೋ ಅಡ್ಡ ಬರುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸುವಾಗ ಡ್ರಾಪರಿನ ಜಾರುವ ನುಣುಪು ಭಾಗವನ್ನು ಹಿಡಿಸಬೇಡಿ.

ಹ್ಯಾಂಡಲ್ ಈಗ 760ರಿಂದ 800 ಮಿ.ಮೀ. ಅಗಲಕ್ಕೆ ಬರುತ್ತದೆ. ಕತ್ತರಿಸುವ ಮುಂಚೆ ಗ್ರಿಪ್ಪುಗಳನ್ನು ಒಳಕ್ಕೆ ಸರಿಸಿ ಒಂದು ವಾರ ಓಡಿಸಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ. ಬ್ರೇಕ್ ಲಿವರನ್ನು ತೋರುಬೆರಳು ಅದರ ತುದಿಯ ಕೊಕ್ಕೆಗೆ ಕೂರುವಂತೆ ಒಳಕ್ಕೆ ಸರಿಸಿ. ಒಂದೇ ಬೆರಳು ಬ್ರೇಕಿಗೆ, ಉಳಿದವು ಹ್ಯಾಂಡಲ್ ಹಿಡಿಯಲು. ಕಾರ್ಬನ್ ಹ್ಯಾಂಡಲ್ ಆದರೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್ ಹಚ್ಚಿ, ಸ್ಟೆಮ್ ಮೇಲೆ ಬರೆದ ಟಾರ್ಕಿಗೇ ಬಿಗಿಯಿರಿ.

ಹಂತ 7: ಚೈನಿನ ಉದ್ದ

ಇದು ಚಿಕ್ಕ ಹಂತ, ಆದರೆ ಬಿಟ್ಟರೆ ಕೈಸುಡುತ್ತದೆ. ಸಾದಾ ಸೈಕಲ್‌ನಲ್ಲಿ ಚೈನನ್ನು ಮುಂದಿನ ಚೈನ್‌ರಿಂಗ್, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಸುತ್ತಿ ಉದ್ದ ಗೊತ್ತು ಮಾಡುತ್ತೇವೆ. ಫುಲ್ ಸಸ್ಪೆನ್ಷನ್‌ನಲ್ಲಿ ಅಷ್ಟು ಸಾಲದು. ಶಾಕ್ ಕುಗ್ಗುವಾಗ ಹಿಂದಿನ ಆಕ್ಸಲ್ ಪೆಡಲಿನಿಂದ ದೂರ ಸರಿಯುತ್ತದೆ, ಚೈನು ಜಾಸ್ತಿ ಉದ್ದ ಬೇಡುತ್ತದೆ.

ಇದನ್ನು ನಾನು ಕಲಿತದ್ದು ಡಿರೇಲರ್ (ಹಿಂದಿನ ಗೇರು ಬದಲಿಸುವ ಸಾಧನ) ಕಳೆದುಕೊಂಡು. ಸ್ಟ್ಯಾಂಡಿನಲ್ಲಿ ಎಲ್ಲ ಗೇರೂ ಬೆಣ್ಣೆಯಂತೆ ಬೀಳುತ್ತಿದ್ದವು. ಹಾದಿಯಲ್ಲಿ ದೊಡ್ಡ ಹಲ್ಲುಚಕ್ರದಲ್ಲಿ ಏರು ಮುಗಿಸಿ, ಗೇರು ಇಳಿಸದೆ ಒಂದು ಮೆಟ್ಟಿಲು ಹಾರಿದೆ. ಲಟಕ್ ಅಂತ ಒಂದೇ ಸದ್ದು. ಡಿರೇಲರಿನ ಕೇಜ್ ಸೊಟ್ಟಗಾಗಿ ಚಕ್ರದ ಕಡ್ಡಿಗಳ ಕಡೆಗೆ ತಿರುಗಿತ್ತು, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗಿತ್ತು. ವಾಪಸು ಬರುವ ದಾರಿಯೆಲ್ಲ ನಡಿಗೆ.

ಹಾಗಾಗಿ ಶಾಕಿನ ಗಾಳಿಯನ್ನು ಚೂರು ಚೂರೇ ಬಿಟ್ಟು, ನಡುನಡುವೆ ಮೆಲ್ಲಗೆ ಒತ್ತುತ್ತ ಖಾಲಿ ಮಾಡಿ. ಅಥವಾ ಶಾಕನ್ನೇ ಬಿಚ್ಚಿ. ಹಿಂದಿನ ಚಕ್ರವನ್ನು ಅದರ ಟ್ರಾವೆಲ್ ಮುಗಿಯುವವರೆಗೆ ಎತ್ತಿ, ಆಕ್ಸಲ್ ಅತಿ ದೂರ ಇರುವ ಜಾಗದಲ್ಲಿ ಚೈನ್ ಅಳೆಯಿರಿ. ಇದೇ ಹೊತ್ತಿಗೆ ಬ್ರೇಕಿನ ಹೋಸ್, ಗೇರಿನ ಕೇಬಲ್ ಎಳೆದುಕೊಳ್ಳುತ್ತವೆಯೇ, ಟೈರು ಫ್ರೇಮಿಗೆ ತಾಗುತ್ತದೆಯೇ ಅಂತಲೂ ನೋಡಿಬಿಡಿ.

11, 12 ಸ್ಪೀಡ್ ಚೈನು ಶೇ 0.5 ಸವೆದಾಗ ಬದಲಿಸಿ. ತಡ ಮಾಡಿದರೆ ಚೈನಿನ ಜೊತೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹೋಗುತ್ತದೆ.

ಹಂತ 8: ಓಡಿಸುವುದು

ಮೇಲಿನದೆಲ್ಲ ಮಾಡಿ, ಸವಾರಿಯಲ್ಲಿ ಗಟ್ಟಿಯಾಗಿ ಸೀಟಿಗೆ ಅಂಟಿ ಕೂತರೆ ಏನೂ ಪ್ರಯೋಜನವಿಲ್ಲ. ಸೈಕಲ್‌ನ ಸಸ್ಪೆನ್ಷನ್‌ಗಿಂತ ಉದ್ದದ ಟ್ರಾವೆಲ್ ನಿಮ್ಮ ಮೊಣಕಾಲು, ಮೊಣಕೈಯಲ್ಲಿದೆ.

ನಿಲುವು. ಸೀಟು ಇಳಿಸಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿ, ಹಿಮ್ಮಡಿ ತುಸು ಕೆಳಗೆ. ಭಾರವೆಲ್ಲ ಪಾದದ ಮೇಲೆ, ಕೈ ಮೇಲಲ್ಲ. ಸೊಂಟದಿಂದ ಬಾಗಿ, ಮೊಣಕೈ ಹೊರಕ್ಕೆ ಚಾಚಿ. ಹೊಸಬರು ಹೆದರಿದಾಗ ಹಿಂದಕ್ಕೆ ಸರಿಯುತ್ತಾರೆ. ಆಗ ಮುಂದಿನ ಚಕ್ರ ಹಗುರಾಗಿ ಹಿಡಿತ ಬಿಡುತ್ತದೆ. ಕೈಗಳು ನೆಟ್ಟಗೆ ಚಾಚಿಹೋಗಿದ್ದರೆ ನೀವು ಅತಿ ಹಿಂದಿದ್ದೀರಿ ಅಂತ ತಿಳಿಯಿರಿ.

ಬ್ರೇಕ್. ಜಾಸ್ತಿ ಕೆಲಸ ಮುಂದಿನದರದ್ದು. ಮೆಲ್ಲಗೆ ಶುರು ಮಾಡಿ ಒತ್ತುತ್ತ ಹೋಗಿ. ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಬೇರುಗಳ ಮೇಲೆ, ವಿಶೇಷವಾಗಿ ಒದ್ದೆಯಾಗಿದ್ದಾಗ, ಬ್ರೇಕ್ ಮುಟ್ಟಲೇಬೇಡಿ.

ತಿರುವು. ದೇಹಕ್ಕಿಂತ ಸೈಕಲನ್ನು ಜಾಸ್ತಿ ಓರೆ ಮಾಡಿ. ಸಮತಟ್ಟಾದ ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ. ಕಣ್ಣು ತಿರುವಿನ ಕೊನೆಯ ಮೇಲಿರಲಿ. ಮರ ನೋಡುತ್ತ ಹೋದವನು ಮರಕ್ಕೇ ಹೋಗುತ್ತಾನೆ.

ಏರು. ಎದ್ದು ನಿಂತು ತುಳಿದರೆ ಸಸ್ಪೆನ್ಷನ್ ತೂಗಾಡಿ ಶಕ್ತಿ ತಿನ್ನುತ್ತದೆ. ಕೂತೇ ಇರಿ, ಸೀಟಿನ ಮೂತಿಯ ಕಡೆ ಸರಿದು, ಎದೆ ಬಾಗಿಸಿ, ಹಗುರ ಗೇರಿನಲ್ಲಿ ಒಂದೇ ಸಮ ತುಳಿಯಿರಿ. ಕಲ್ಲುಗಳ ನಡುವೆ ಪೂರ್ತಿ ಸುತ್ತು ತುಳಿದರೆ ಪೆಡಲ್ ಬಡಿಯುತ್ತದೆ, ಯಾಕೆಂದರೆ ಸ್ಯಾಗ್‌ನಿಂದ ಸೈಕಲ್ ತಗ್ಗಾಗಿರುತ್ತದೆ. ಅಂಥ ಕಡೆ ಅರ್ಧ ತುಳಿದು, ಹಿಂದಕ್ಕೆ ತಂದು, ಮತ್ತೆ ಅರ್ಧ ತುಳಿಯುವುದನ್ನು ರೂಢಿ ಮಾಡಿಕೊಳ್ಳಿ.

ಇವುಗಳನ್ನು ಇಡೀ ಬೆಟ್ಟದಲ್ಲಿ ಒಟ್ಟಿಗೆ ಕಲಿಯಲು ಹೋಗಬೇಡಿ. ಒಂದೇ ತಿರುವಿಗೆ ಹತ್ತು ಸಲ ಸೈಕಲ್ ತಳ್ಳಿಕೊಂಡು ವಾಪಸು ಹೋಗಿ. ಬೇಜಾರಿನ ಕೆಲಸ, ನಿಜ.

ಹಂತ 9: ಈಗಲೂ ಶಾಕ್, ಫೋರ್ಕ್ ಬದಲಿಸಬೇಕೇ?

ಮೊದಲು ಈಗಿರುವುದಕ್ಕೆ ಸರ್ವಿಸ್ ಮಾಡಿಸಿ. ಹಲವು ಫೋರ್ಕುಗಳ ಕೆಳಕಾಲಿನ ಎಣ್ಣೆಯನ್ನು, ಶಾಕಿನ ಗಾಳಿಕೋಣೆಯ ಸೀಲನ್ನು 50 ಗಂಟೆ ಸವಾರಿಗೊಮ್ಮೆ ನೋಡಬೇಕು ಅಂತ ಕೈಪಿಡಿಯಲ್ಲೇ ಇರುತ್ತದೆ. ಎರಡು ವರ್ಷ ತೆರೆಯದ ಫೋರ್ಕನ್ನು ಹೊಸದರ ಜೊತೆ ಹೋಲಿಸುವುದು ನ್ಯಾಯವಲ್ಲ.

ಆಮೇಲೂ ಬೇಕೆನಿಸಿದರೆ ಶಾಕಿನ ಎರಡು ಸಂಖ್ಯೆ ಸರಿಯಾಗಿ ಹೊಂದಬೇಕು: ಒಟ್ಟು ಉದ್ದ ಮತ್ತು ಸ್ಟ್ರೋಕ್. ಉದಾಹರಣೆಗೆ 210×55. ಸ್ಟ್ರೋಕ್ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ಲೆಕ್ಕಾಚಾರ ಬೇಡ. ಪೂರ್ತಿ ಕುಗ್ಗಿದಾಗ ಹಿಂದಿನ ಟೈರು ಸೀಟ್ ಟ್ಯೂಬಿಗೆ ಬಡಿಯಬಹುದು. ಕಾಯಿಲ್ ಶಾಕ್ (ಗಾಳಿಯ ಬದಲು ಲೋಹದ ಸ್ಪ್ರಿಂಗ್ ಇರುವುದು) ಎಲ್ಲ ಫ್ರೇಮಿಗೂ ಒಗ್ಗುವುದಿಲ್ಲ, ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿ.

ಫೋರ್ಕಿನ ಟ್ರಾವೆಲ್ 10 ಮಿ.ಮೀ. ಏರಿಸಿದರೆ ಮುಂಭಾಗ ಎತ್ತರವಾಗಿ ಹೆಡ್ ಆಂಗಲ್ (ಫೋರ್ಕಿನ ಓರೆ) ಸುಮಾರು ಅರ್ಧ ಡಿಗ್ರಿ ಮಲಗುತ್ತದೆ. ಅಷ್ಟನ್ನು ಎಷ್ಟೋ ಫ್ರೇಮುಗಳು ತಡೆಯುತ್ತವೆ, 30 ಮಿ.ಮೀ. ಏರಿಸಿದರೆ ಅದು ಬೇರೆಯದೇ ಸೈಕಲ್, ಹೆಡ್ ಟ್ಯೂಬಿನ ಬೆಸುಗೆ ಮೇಲೂ ಭಾರ. ಫ್ರೇಮಿನ ಗರಿಷ್ಠ ಮಿತಿ ದಾಟಬೇಡಿ. ಹಬ್ಬಿನ ಆಕ್ಸಲ್ ಅಳತೆ, ಸ್ಟೀರರ್ (ಫೋರ್ಕಿನ ಮೇಲಿನ ಕೊಳವೆ) ಉದ್ದ ನೋಡಿ. ಬದಲಿಸಿದ ಮೇಲೆ ಹಂತ 2ರಿಂದ ಮತ್ತೆ ಶುರು. ಹಳೆಯ ಶಾಕಿನ ಪಿಎಸ್‌ಐ, ಕ್ಲಿಕ್ ಹೊಸದಕ್ಕೆ ಹೊಂದುವುದಿಲ್ಲ.

ಕಂಡ ಕೂಡಲೇ ಸವಾರಿ ನಿಲ್ಲಿಸಬೇಕಾದ ಲಕ್ಷಣಗಳು

ಬೆಸುಗೆಯ ಹತ್ತಿರ ಕೂದಲೆಳೆಯಂಥ ಗೆರೆ. ಬಣ್ಣದ ಗೀರೋ ಬಿರುಕೋ ಅಂತ ಉಗುರಿನಿಂದ ಕೆರೆದು ನೋಡಿ. ಉಗುರು ಸಿಕ್ಕಿಕೊಂಡರೆ, ಅಥವಾ ಸವಾರಿಯಿಂದ ಸವಾರಿಗೆ ಗೆರೆ ಬೆಳೆದರೆ, ಆ ಫ್ರೇಮಿನ ಮೇಲೆ ಕೂರಬೇಡಿ.

ಬ್ರೇಕ್ ಲಿವರ್ ಹ್ಯಾಂಡಲಿಗೆ ತಾಗುವಷ್ಟು ಒಳಕ್ಕೆ ಬರುವುದು. ಒಂದೆರಡು ಸಲ ಪಂಪ್ ಮಾಡಿದಾಗ ಸರಿಹೋದರೂ ನಂಬಬೇಡಿ, ಹೋಸಿನಲ್ಲಿ ಗಾಳಿ ಸೇರಿರುತ್ತದೆ. ಬ್ಲೀಡ್ ಮಾಡಿಸಿ, ಅಂದರೆ ಆ ಗಾಳಿ ತೆಗೆಸಿ.

ಫೋರ್ಕಿನ ನುಣುಪಾದ ಕಾಲಿನ ಮೇಲೆ ಪ್ರತಿ ಸವಾರಿಗೂ ದಪ್ಪ ಎಣ್ಣೆಯ ಉಂಗುರ. ತೆಳು ಪಸೆ ಸಹಜ. ಒರೆಸಿದರೂ ಮತ್ತೆ ಹರಿದು ಇಳಿಯುತ್ತಿದ್ದರೆ ಸೀಲ್ ಹೋಗಿದೆ, ಆ ಎಣ್ಣೆ ಮುಂದಿನ ಬ್ರೇಕಿನ ಕಡೆಗೇ ಇಳಿಯುತ್ತದೆ.

ಕೊನೆಯದು, ಕುಗ್ಗಿದ ಶಾಕ್ ಮೇಲೆ ಬರದೆ ಹಾಗೇ ಸಿಕ್ಕಿಕೊಳ್ಳುವುದು. ಗಾಳಿಯೆಲ್ಲ ತಪ್ಪಾದ ಕೋಣೆಗೆ ಸೇರಿರುತ್ತದೆ. ವಾಲ್ವಿನಲ್ಲಿ ನೋಡಿದರೆ ಒತ್ತಡ ಸೊನ್ನೆ ಅನಿಸಬಹುದು, ಒಳಗೆ ಮಾತ್ರ ಕೋಣೆ ಬಿಗಿದು ಕೂತಿರುತ್ತದೆ. ಎಳೆದು ಬಿಡಿಸಲು, ಮುಚ್ಚಳ ತಿರುಗಿಸಲು ಹೋಗಬೇಡಿ. ಫ್ರೇಮಿನಿಂದ ಬಿಚ್ಚಲೂ ಬೇಡಿ. ಸೈಕಲನ್ನು ಹಾಗೇ ತಳ್ಳಿಕೊಂಡು ಶಾಕ್ ಸರ್ವಿಸ್ ಮಾಡುವವರ ಹತ್ತಿರ ಹೋಗಿ, ಏನಾಗಿದೆ ಅಂತ ಮೊದಲೇ ಹೇಳಿ.